ಎಲೆಯ ಬೆನ್ನಿಗೆ ಹಿಡಿದ ಕನ್ನಡಿ

ಮೊದಲ ಸಲ ಕಂಡಾಗ ಅವರು ಬದನೆ ಸಾಲುಗಳ ನಡುವೆ ಕನ್ನಡಿ ಹಿಡಿದು ನಿಂತಿದ್ದರು. ಬಿಸಿಲು ಇನ್ನೂ ಏರಿರಲಿಲ್ಲ. ಮೈಮೇಲೆ ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ರಬ್ಬರ್ ಬೂಟು, ಕೈಯಲ್ಲೊಂದು ಕೋಲು. ಅದರ ತುದಿಗೆ ತಮ್ಮ ಯಜಮಾನರು ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ತಂತಿ ಸುತ್ತಿ ಕಟ್ಟಿದ್ದರು. ಕೃಷಿ ಸಲಹಾ ಕಚೇರಿಗೆ ಹೊಸದಾಗಿ ಸೇರಿದ್ದ ನಾನು ಬದುವಿನ ಮೇಲೆ ನಿಂತೆ, ಮಾತಾಡಿಸಲೋ ಬೇಡವೋ ತಿಳಿಯಲಿಲ್ಲ.

"ಮುಖ ನೋಡ್ಕೊಳ್ತಿಲ್ಲ ಕಣಪ್ಪ," ಎಂದರು ತಿರುಗದೆಯೇ. ಕನ್ನಡಿಯಲ್ಲಿ ನನ್ನನ್ನು ಕಂಡಿದ್ದರು. "ಎಲೆ ಬೆನ್ನು ನೋಡ್ತಿದ್ದೀನಿ. ನನ್ನ ಬೆನ್ನು ಬಗ್ಗಲ್ಲ ಅಂತ ಈ ಬಿಳಿನೊಣಕ್ಕೆ ಯಾರೋ ಹೇಳ್ಕೊಟ್ಟಿದ್ದಾರೆ!"

ಎಲ್ಲರಿಗೂ ಅವರು ಕನ್ನಡಿ ಅಕ್ಕ. ಹೊಲವನ್ನು ಮೈದುನನ ಜೊತೆ ಸೇರಿ ಮಾಡುತ್ತಿದ್ದರು. ಹಿಂದಿನ ಬೆಳೆಗೆ ಮೈದುನ ಕೀಟನಾಶಕ ಹೊಡೆದಾಗ ಅಕ್ಕನಿಗೆ ಉಬ್ಬಸ ಹತ್ತಿ, ವಾರಗಟ್ಟಲೆ ಹೊಲದತ್ತ ಸುಳಿಯಲಾಗಲಿಲ್ಲ. ನೊಣ ಮಾತ್ರ ಬೇಗನೆ ಮರಳಿತ್ತು. ಈ ಸಲ ಮೈದುನ ಖಡಾಖಂಡಿತವಾಗಿ ಹೇಳಿದ್ದ: "ಹೂ ಬಿಡೋವರೆಗೂ ನಿಮ್ಮಿಷ್ಟ ಅತ್ತಿಗೆ. ಆಮೇಲೂ ನೊಣ ಹಿಂಗೇ ಇದ್ರೆ ನಾನು ಔಷಧಿ ಹೊಡಿಯೋನೇ. ನೀವು ಮನೇಲಿರಿ."

ಮನೆಯಲ್ಲಿ ಕೂರುವುದೆಂದರೆ ಅಕ್ಕನಿಗೆ ಉಸಿರು ಕಟ್ಟಿದಂತೆ.

ಅವರು ಯೂರಿಯಾ ಕಡಿಮೆ ಮಾಡಿದರು. ಅದು ಹೆಚ್ಚಾದರೆ ಎಲೆ ಎಳಸಾಗಿ ನೊಣವನ್ನು ಕರೆಯುತ್ತದೆ. ಎಲೆ ಗಟ್ಟಿಯಾಗಲೆಂದು ಸಿಲಿಕಾನ್ ದ್ರಾವಣ, ಗಿಡದ ಬಲಕ್ಕೆಂದು ಕ್ಯಾಲ್ಸಿಯಂ, ಎರಡನ್ನೂ ಎಲೆಗೆ ಸಿಂಪಡಿಸಲು ತಂದರು. "ಇದರಿಂದ ಹುಳ ಸಾಯಲ್ಲ," ಎಂದು ಮೈದುನನಿಗೆ ಮೊದಲೇ ತಿಳಿಸಿದ್ದರು. "ಚುಚ್ಚಿ ಹೀರೋಕೆ ಅದಕ್ಕೆ ಕಷ್ಟ ಆಗ್ಲಿ, ಅಷ್ಟೇ."

ಬೇರೆ ಬೇರೆ ದಿನ ಹೊಡೆಯಬೇಕಿತ್ತು. ಎರಡು ಸಲ ಸಿಂಪಡಿಸುವ ಕ್ಯಾನ್ ಹೊರಲು ಬೆನ್ನು ಕೇಳೀತೇ? ಅಕ್ಕ ಎರಡನ್ನೂ ಒಟ್ಟಿಗೆ ಸುರಿದರು. ನೀರು ಒಡೆದ ಹಾಲಿನಂತಾಯಿತು, ನಳಿಕೆ ಕಟ್ಟಿಕೊಂಡಿತು.

ಮೈದುನ ಕ್ಯಾನಿನೊಳಗೆ ಇಣುಕಿದ. "ಏನತ್ತಿಗೆ, ಗಿಡಕ್ಕೆ ಗಂಜಿ ಕಾಯಿಸಿದ್ರಾ? ಕಾಯಿಲೆ ಬಿದ್ದಿರೋದು ಗಿಡಾನೋ ನೀವೋ?"

"ನಗು, ನಗು. ಆ ಸೂಜಿ ಕೊಡು ಮೊದ್ಲು."

ಅಕ್ಕ ಕ್ಯಾನ್ ತೊಳೆದು, ನಳಿಕೆ ಬಿಡಿಸಿ, ಬರೀ ಸಿಲಿಕಾನ್ ಕಲಸಿ, ಕ್ಯಾನಿನ ಪಟ್ಟಿಗೆ ತೋಳು ತೂರಿಸಿದರು. ಏಳಲಾಗಲಿಲ್ಲ. ಮತ್ತೆ ಯತ್ನಿಸಿದರು. ಮೈದುನ ಗೊಣಗುತ್ತಲೇ ಬಂದು ಕ್ಯಾನನ್ನು ತನ್ನ ಬೆನ್ನಿಗೇರಿಸಿಕೊಂಡ. "ನಂಬಿಕೆಯಿಂದ ಹೊಡೀತಿಲ್ಲ, ಹೇಳಿಬಿಟ್ಟಿದ್ದೀನಿ."

"ನಂಬಿಕೆ ನಂದಿರ್ಲಿ, ಬೆನ್ನು ನಿಂದಿರ್ಲಿ. ಅಯ್ಯೋ, ಮೇಲಲ್ಲ ಕಣೋ! ಎಲೆ ಅಡಿಗೆ ಹೊಡಿ, ಅಡಿಗೆ! ಮೇಲೆ ಯಾರಿದ್ದಾರೆ ಅಂತ?"

ಅಕ್ಕ ಮುಂದೆ ಕನ್ನಡಿ ಹಿಡಿದು ಗದರುವುದು, ಅವನು ಹಿಂದೆ ನಳಿಕೆ ಮೇಲ್ಮುಖ ಮಾಡಿ ಹೊಡೆಯುವುದು. ಆಮೇಲೆ ಕ್ಯಾಲ್ಸಿಯಂ ಸರದಿಯೂ ಹಾಗೆಯೇ ನಡೆಯಿತು, ಮತ್ತೆ ಸಿಲಿಕಾನ್‌ನದೂ.

ಹೂ ಬಿಟ್ಟ ಬೆಳಿಗ್ಗೆ ನನ್ನನ್ನೂ ಕರೆದಿದ್ದರು. ಅಕ್ಕ ಕೋಲನ್ನು ಮೈದುನನ ಕೈಗಿತ್ತರು. ಅವನು ಒಂದು ಸಾಲು ಪೂರ್ತಿ ನೋಡಿದ. ಹಳೆಯ ಎಲೆಗಳಡಿ ನೊಣ ಇತ್ತು, ಹೊಸ ಎಲೆಗಳಡಿ ಅಲ್ಲೊಂದು ಇಲ್ಲೊಂದು. ಒಂದೆಡೆ ಅವನ ಕೈ ನಿಂತಿತು. ಎಲೆಯಡಿ ಕೆಂಪು ಗುಲಗಂಜಿ ಹುಳವೊಂದು ನೊಣದ ಮರಿಗಳನ್ನು ತಿನ್ನುತ್ತಿತ್ತು.

"ಔಷಧಿ ಹೊಡೆದಿದ್ರೆ ಇದೂ ಸಾಯ್ತಿತ್ತು, ಅಲ್ವಾ?"

ಅಕ್ಕ ಕೈ ಚಾಚಿ ಕೋಲು ವಾಪಸ್ ಕೇಳಿದರು. ಅವನು ಕೊಡಲಿಲ್ಲ. "ಇರಿ ಅತ್ತಿಗೆ, ಆ ಸಾಲೂ ನೋಡ್ಬಿಡ್ತೀನಿ."

ಆ ಬೆಳೆಗೆ ಮೈದುನ ಕೀಟನಾಶಕ ಮುಟ್ಟಲಿಲ್ಲ; ಸುದ್ದಿ ಸುತ್ತಲಿನ ಹೊಲಗಳಿಗೂ ಹಬ್ಬಿತು. ಈಗ ಕನ್ನಡಿ ಅಕ್ಕ ಬೆಳಿಗ್ಗೆ ತಮ್ಮ ಬದನೆ ಹೊಲದಲ್ಲಿರುತ್ತಾರೆ. ಮಧ್ಯಾಹ್ನದ ಮೇಲೆ, ಕರೆದವರ ಹೊಲಗಳಿಗೆ ಹೋಗಿ ಎಲೆಯ ಅಡಿ ನೋಡಿ, ಏನನ್ನು ಯಾವಾಗ ಸಿಂಪಡಿಸಬೇಕೆಂದು ಹೇಳುತ್ತಾರೆ.