ರಾನ್ ಮನೆತನದ ಹೊಸ ನೆಂಟ

ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ರಾನ್ ಸುಯುನ್ ಬಸ್ಸಿನಲ್ಲಿ ಕೂತು, ಚಹಾದಲ್ಲಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಅರವತ್ತಾರರ ಆಕೆ ಫುಲಿಂಗ್ ಸಂತೆಯಲ್ಲಿ ಮೂವತ್ತು ವರ್ಷ ತಕ್ಕಡಿ ಪರೀಕ್ಷಿಸಿ ನಿವೃತ್ತಳಾದವಳು. ಆರು ದಿನದ ಯುನ್ನಾನ್ ಪ್ರವಾಸ, ಊಟ ವಸತಿ ಸೇರಿ ಇನ್ನೂರ ತೊಂಬತ್ತೊಂಬತ್ತು ಯುವಾನ್. ಇಂಥ ತಕ್ಕಡಿಯ ತಳದಲ್ಲಿ ಎಲ್ಲೋ ಅಯಸ್ಕಾಂತ ಅಂಟಿಸಿರುತ್ತಾರೆಂದು ಆಕೆಗೆ ಗೊತ್ತಿತ್ತು. ಆದರೂ ಬಂದಿದ್ದಳು. ಗೆಳತಿ ಗುಯಿಯಿಂಗ್ ಒಬ್ಬಳೇ ಹೊರಟಿದ್ದಳು. ಅವಳ ಬ್ಯಾಂಕ್ ಕಾರ್ಡಿನಲ್ಲಿ ಹಲ್ಲು ಕಟ್ಟಿಸಲು ಕೂಡಿಟ್ಟ ಮೂವತ್ತಾರು ಸಾವಿರವಿತ್ತು.

"ಅಪ್ಪಂದಿರಾ, ಅಮ್ಮಂದಿರಾ, ಸರೋವರದ ಹತ್ರ ಇವತ್ತು ಭಾರೀ ಗಾಳಿಯಂತೆ," ಎಂದಳು ಗೈಡ್ ಹುಡುಗಿ. ಕಿಟಕಿಯಾಚೆ ಒಂದೆಲೆಯೂ ಅಲುಗುತ್ತಿರಲಿಲ್ಲ. "ಅದು ನಿಲ್ಲೋವರೆಗೂ ಜೇಡ್ ಕಲ್ಲಿನ ವಸ್ತುಸಂಗ್ರಹಾಲಯ ನೋಡೋಣ. ಎಲ್ಲಾ ಉಚಿತ!"

ಆ ಸಂಗ್ರಹಾಲಯದಲ್ಲಿ ಪ್ರತಿಯೊಂದು ವಸ್ತುವಿಗೂ ಬೆಲೆಚೀಟಿ ಇತ್ತು. ಹೊರಹೋಗುವ ಬಾಗಿಲಂತೂ ನಾಚಿಕೆ ಸ್ವಭಾವದ್ದು, ಎಲ್ಲಿಯೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸೂಟು ತೊಟ್ಟ ಯುವಕನೊಬ್ಬ ಓಡಿಬಂದ.

"ಇಲ್ಲಿ ರಾನ್ ಮನೆತನದವರು ಇದ್ದಾರಂತೆ, ಯಾರು? ಅತ್ತೇ, ನೀವೇನಾ? ನಾನೂ ರಾನ್! ಅಂಗಡಿ ನಮ್ಮಪ್ಪಂದೇ. ನನ್ನ ಮಗಳು ಹುಟ್ಟಿದ ಖುಷಿಗೆ ನಿಮ್ಮವರಿಗೆಲ್ಲ ಅಸಲಿಗೇ ಕೊಡ್ತೀನಿ!"

ಗುಯಿಯಿಂಗ್ ಆಗಲೇ ಹಸಿರು ಬಳೆಯೊಂದನ್ನು ಕೈಗೆ ಏರಿಸಿದ್ದಳು. ಚೀಟಿಯಲ್ಲಿ ತೊಂಬತ್ತು ಸಾವಿರ, ನೆಂಟಸ್ತಿಕೆಗೆ ಮೂವತ್ತಾರು.

"ಬೇಡ ಕಣೇ," ಎಂದಳು ಸುಯುನ್.

"ನಿಮ್ಮ ಮನೆತನದವನನ್ನೇ ನಂಬಲ್ಲ ಅಂತೀಯಲ್ಲ ಅಕ್ಕಾ! ನೀನಿದ್ದೀಯ ಅಂತಾನೇ ನಾನು ತಗೊಳ್ತಿರೋದು," ಎಂದು ಗುಯಿಯಿಂಗ್ ಕಾರ್ಡ್ ತೆಗೆದಳು.

ತನ್ನ ಹೆಸರೇ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಗಿದೆಯೆಂದು ಸುಯುನ್‌ಗೆ ಆಗ ಹೊಳೆಯಿತು. ಕನ್ನಡಕ ಸರಿಮಾಡಿಕೊಂಡು ಯುವಕನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿದಳು: ರಾನ್ ಗುವಾಂಗ್‌ಮಿಂಗ್. ಶಾಯಿ ಪೂರ್ತಿ ಒಣಗಿರಲಿಲ್ಲ.

ಅವಳ ಮನೆತನದಲ್ಲಿ ಗಂಡಾಗಲಿ ಹೆಣ್ಣಾಗಲಿ, ಹೆಸರಿನ ನಡುವಿನ ಅಕ್ಷರ ತಲೆಮಾರಿನದು, ವಂಶಾವಳಿಯ ಕ್ರಮದಲ್ಲಿ ಒಂದೊಂದು ತಲೆಮಾರಿಗೆ ಒಂದೊಂದು. ಅವಳದು 'ಸು'. 'ಗುವಾಂಗ್' ಎಲ್ಲಿ ಬರುತ್ತದೆಂದು ಬೆರಳು ಮಡಚಿ ಎಣಿಸಿದಳು. ನಾಲ್ಕು ತಲೆಮಾರು ಮೇಲೆ.

"ನಮ್ಮ ಫುಲಿಂಗ್ ರಾನ್‌ಗಳೇ ತಾನೆ?"

"ಅವರೇ ಅತ್ತೆ, ಅದೇ ವಂಶಾವಳಿ!"

ಸುಯುನ್ ನೆಲದ ಮೇಲೆ ಮಂಡಿಯೂರಿ, ಹಣೆ ತಾಗಿಸಿ ನಮಸ್ಕರಿಸಿದಳು. "ತಾತನ ತಾತಾ! ಪ್ರತಿ ವಸಂತದಲ್ಲೂ ನಿಮ್ಮ ಗೋರಿ ಗುಡಿಸ್ತೀನಿ. ಇಲ್ಲಿ ಅಂಗಡಿ ಇಟ್ಟಿದ್ದೀರಿ ಅಂತ ಒಂದು ಮಾತು ಹೇಳಬಾರದಿತ್ತೇ?" ಎಂದು ಎದ್ದು ಅಂಗೈ ಚಾಚಿದಳು. "ಮರಿಮಕ್ಕಳು ಅಡ್ಡಬಿದ್ದರೆ ಹಿರಿಯರು ಕೆಂಪು ಲಕೋಟೇಲಿ ದುಡ್ಡು ಕೊಡಬೇಕು. ಕೊಡಿ ಮತ್ತೆ."

ಬಸ್ಸಿನ ಮೂವತ್ತೊಂದು ಜನ ಮುದುಕ ಮುದುಕಿಯರು ಹೊಟ್ಟೆ ಹಿಡಿದು ನಕ್ಕರು. ತಾತನ ತಾತ ಪರದೆಯ ಹಿಂದೆ ಮತ್ತೊಮ್ಮೆ ಸ್ವರ್ಗಸ್ಥನಾದ. ಗುಯಿಯಿಂಗ್ ಬಳೆ ಕಳಚಲು ಸೋಪಿನ ನೀರು ಬೇಕಾಯಿತು. ಕಾರ್ಡ್ ಮಾತ್ರ ತಾನಾಗಿಯೇ ಚೀಲಕ್ಕೆ ಮರಳಿತು.

ಸಂಜೆ ಸುಯುನ್ ದೂರು ಕೇಂದ್ರಕ್ಕೆ ಫೋನ್ ಮಾಡಿದಳು. ಅತ್ತಲಿಂದ ಗುಮಾಸ್ತೆ ಅರ್ಜಿ ತುಂಬುತ್ತ, ಆರೋಪಿಯ ವಯಸ್ಸೆಷ್ಟು ಎಂದು ಕೇಳಿದಳು. ಸುಯುನ್ ತನ್ನ ವಯಸ್ಸಿಗೆ ತಲೆಮಾರೊಂದಕ್ಕೆ ಇಪ್ಪತ್ತೈದರಂತೆ ಕೂಡಿ, ಸ್ಪಷ್ಟವಾಗಿ ಹೇಳಿದಳು:

"ನೂರ ಅರವತ್ತಾರು."