ಎರಡು ತುಂಡು ಸೀರೆ

ನನ್ನ ಸೊಸೆ ಸುಧಾ ಇವತ್ತು ಬೆಳಗ್ಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಅವಳಿ ಮಕ್ಕಳನ್ನು ಹೆತ್ತಳು. ಒಂದು ಗಂಡು, ಒಂದು ಹೆಣ್ಣು! ಸಿಕ್ಕವರಿಗೆಲ್ಲ ಹೇಳಿಯೂ ತೃಪ್ತಿಯಾಗದೆ ಬರೆಯಲು ಕೂತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ಸಾಯುವವರಿಗೆ ಮುಂದಿನದು ಕಾಣುತ್ತದೆ ಎಂದರೆ ನಗುತ್ತಿದ್ದವನು ನಾನು. ಈಗ ನಗಲಾರೆ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಚಿಕ್ಕತಾಯಮ್ಮನನ್ನು ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಕುಂತೂರಿನ ನಮ್ಮ ಪಡಸಾಲೆಯಲ್ಲಿ ಮಲಗಿಸಿ, ಗಂಜಿ ಕುಡಿಸುತ್ತಾ ನಾನು ಪಕ್ಕದಲ್ಲೇ ಇದ್ದೆ. ಒಂದು ಮಧ್ಯಾಹ್ನ ತನ್ನ ಹಸಿರಂಚಿನ ನೂಲಿನ ಸೀರೆ ಕೇಳಿದಳು. ಕೊಟ್ಟೆ. ಲೋಟ ಹಿಡಿಯಲಾರದವಳು ಅಂಚನ್ನು ಹಲ್ಲಲ್ಲಿ ಕಚ್ಚಿ, ಪರ್ರೆಂದು ನಡುವಿಗೆ ಹರಿದಳು.

"ಯಾಕಮ್ಮೀ ಅರ್ದೆ? ಚೆಂದಾಗಿರೋ ಸೀರೆಯ!"

"ಒಂದು ಸಾಲಾಕಿಲ್ಲ ಕಣ್ರಿ. ಇಬ್ರವ್ರೆ."

"ಯಾರು ಇಬ್ರು?"

"ನಿಮ್ ತಲೆ! ಮಡ್ಚಿ ಮಡಗಿ."

ನಮ್ಮಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಮನೆಯ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ಆದರೆ ಆಗ ಸುಧಾಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ. ನೋವಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡು, ಮೂಟೆ ಹೊಲಿಯುವ ದಬ್ಬಳದಲ್ಲಿ ಸೊಟ್ಟಸೊಟ್ಟಗೆ ಹೊಲಿದು ಅವಳಿಗೇ ಹೊದಿಸಿದೆ. ಹೊಲಿಗೆ ಸವರಿ ನಕ್ಕಳು.

"ನೀವೇ ಬಿಚ್ತೀರಿ, ನೋಡ್ತಿರಿ."

ಮೂರನೇ ದಿನ ನನ್ನ ಹೆಬ್ಬೆರಳು ಹಿಡಿದುಕೊಂಡೇ ಹೋಗಿಬಿಟ್ಟಳು.

ಸೀರೆ ಟ್ರಂಕು ಸೇರಿತು. ಸ್ಕ್ಯಾನಿಂಗಿನಲ್ಲಿ ಅವಳಿ ಎಂದಾಗಲೂ ನನಗೆ ನೆನಪಾಗಲಿಲ್ಲ. ಇವತ್ತು ಸುಧಾಳ ತಾಯಿ ಆಸ್ಪತ್ರೆಯಿಂದ ಫೋನು ಮಾಡಿ, "ಬೀಗ್ರೇ, ಅತ್ತೆಮ್ಮನ ಅಳೇ ಸೀರೆ ಇದ್ರೆ ಎರಡು ತುಂಡು ತಕಂಡು ಬನ್ನಿ" ಎಂದರು. ಟ್ರಂಕು ತೆಗೆದರೆ ಮೇಲೇ ಅದು. ನೆಲದ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ, ಗೊತ್ತಿಲ್ಲ. ಆ ದಿನಗಳಲ್ಲಿ ಅವಳ ಸಾವನ್ನು ಕಾಯುತ್ತಾ ಕೂತಿದ್ದೇನೆಂದೇ ತಿಳಿದಿದ್ದೆ. ಅವಳಾದರೋ ಮೊಮ್ಮಕ್ಕಳಿಗೆ ಬಟ್ಟೆ ಹೊಂದಿಸುತ್ತಿದ್ದಳು.

ಅವಳಿಗೆ ಹೇಗೆ ತಿಳಿಯಿತು? ನೋವಿನಲ್ಲಿ ಆಡಿದ ಮಾತು ಎನ್ನೋಣವೆಂದರೆ, ನಾನೇ ಬಿಚ್ಚುತ್ತೇನೆಂದೂ ಹೇಳಿದ್ದಳಲ್ಲ. ನಿಮಗೆ ಗೊತ್ತಾದರೆ ಹೇಳಿ.

ಸಂಜೆ ಆಸ್ಪತ್ರೆಯ ಹೊಂಗೆಮರದ ಕೆಳಗೆ ಬೀಗರು, ಮಗ, ನಾನು ಎಲ್ಲ ಕ್ಯಾರಿಯರು ಬಿಚ್ಚಿ ಕೂತೆವು. ಒಳಗೆ ಸುಧಾಳೂ ಉಣ್ಣುತ್ತಿದ್ದಳು, ಕಿಟಕಿಯಿಂದ ಕಾಣುತ್ತಿದ್ದಳು. ಅವಳ ಪಕ್ಕ ಎರಡು ತುಂಡಿನ ಮೇಲೆ ಎರಡು ಕೂಸು.

"ಉಣ್ಣಪ್ಪ, ಮುದ್ದೆ ಆರೋಯ್ತದೆ" ಎಂದ ಮಗ.

ಬೆರಳಿಗೆ ಇನ್ನೂ ಮೂಟೆಯ ದಾರದ ಎಳೆ ಅಂಟಿತ್ತು. ತೆಗೆದು ಜೇಬಿಗಿಟ್ಟು, ಮುದ್ದೆ ಮುರಿದೆ.