ನಾಲ್ಕು ಕೊಂಬಿನ ಟಗರಿನ ಜೊತೆ ನ್ಯಾಮತಿಗೆ

ನಾನು ಬಿ.ಎಸ್ಸಿ. ಪಾಸಾಗುವುದು ಆಗದ ಮಾತು ಎಂದವರು ಜಗಳೂರಿನ ನಮ್ಮ ಸೋದರಮಾವ. ನಮ್ಮ ಮನೆತನದಲ್ಲಿ ಏಳನೇ ಕ್ಲಾಸು ದಾಟಿದವರೇ ಇರಲಿಲ್ಲ. ರಜೆಯಲ್ಲೆಲ್ಲ ಕೂಲಿ ಮಾಡಿ, ಪ್ರಾಣಿಶಾಸ್ತ್ರ ಓದಿ ಪಾಸಾದೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಆಗ ಅವರೇ ಹೇಳಿಕಳಿಸಿದರು: ಟಗರಿಗೊಂದು ಸರ್ಟಿಫಿಕೇಟು ಬೇಕು, ಕೂಡಲೇ ಬಾ.

ಚನ್ನಗಿರಿಯಲ್ಲಿ ಬೆಳಗಿನ ಬಸ್ಸು ಹಿಡಿದು, ದಾವಣಗೆರೆಯಲ್ಲಿ ಬದಲಿಸಿ, ಜಗಳೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾವನ ಟಗರಿಗೆ ನಾಲ್ಕು ಕೊಂಬು. ಅಲ್ಲಿನ ಕಾಡಿನಲ್ಲಿರುವ, ಜಿಂಕೆಯಂಥ ಕೊಂಡುಕುರಿಗೂ ನಾಲ್ಕೇ. ಹಾಗಾಗಿ ಇದರ ಅಪ್ಪ ಕೊಂಡುಕುರಿ ಎಂದು ಮಾವ ಊರೂರಲ್ಲಿ ಹೇಳಿಕೊಂಡು ಬಂದಿದ್ದರು. ಸುದ್ದಿ ನ್ಯಾಮತಿಯ ಟಗರಿನ ಕಾಳಗದವರಿಗೂ ಮುಟ್ಟಿ, ಅವರು ಕಾಡುಪ್ರಾಣಿಯನ್ನು ಕಣಕ್ಕೆ ಬಿಡುವುದಿಲ್ಲ ಎಂದಿದ್ದರು. ಇದು ಕುರಿಯೇ ಎಂದು ಓದಿದವರು ಬರೆದುಕೊಡಬೇಕಿತ್ತು. ಕಾಳಗಕ್ಕೆಂದೇ ಮಾವ ಅದನ್ನು ಮರಿಯಿಂದ ಹುರುಳಿ ತಿನ್ನಿಸಿ ಸಾಕಿದ್ದರು.

ಮರುದಿನ ಈರುಳ್ಳಿ ಲಾರಿಯ ಮೇಲೆ ಟಗರೂ ಸೇರಿ ಮೂವರು ಹೊರಟೆವು. ಹಮಾಲರ ಮುಂದೆ ಮಾವನ ವರ್ಣನೆ ಶುರುವಾಯಿತು.

"ಇದು ಹುಣ್ಣಿಮೆ ದಿನ ಹುಲ್ಲು ಮುಟ್ಟಲ್ರೀ. ಮಲಗಿದ್ರೆ ಕಾಡಿನ ಕಡೆಗೇ ಮುಖ. ಸೀನಿದ್ರೆ ಮಳೆ ಬರ್ತೈತೆ."

"ಮಾವಾ, ಕುರಿ ಅಂತ ಬರೆಸಾಕೆ ಹೊಂಟೀವಿ," ಎಂದೆ.

"ಅದು ನ್ಯಾಮತಿಗೆ. ಇದು ದಾರಿಗೆ."

ಹೊನ್ನಾಳಿಯಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಟಗರೂ ತಿಂದಿತು. "ಕಾಡಿನ ರಕ್ತದ್ದು ಖಾರ ತಿಂತೈತೇನ್ರೀ?" ಎಂದು ಮಾವನ ವರ್ಣನೆ ಕೇಳಿಸಿಕೊಂಡಿದ್ದ ಅಂಗಡಿಯವರು ಕೇಳಿದರು. "ತಾಯಿ ಕಡೆಯಿಂದ ಬಂದ ಚಟ," ಎಂದರು ಮಾವ.

ನ್ಯಾಮತಿಯ ಕಣದಲ್ಲಿ ಹಲ್ಲು ಎಣಿಸಿ, ವಯಸ್ಸು ಗೊತ್ತುಮಾಡಿ ಜೋಡಿ ಹಾಕುತ್ತಿದ್ದರು: ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ನಾನು ಟಗರಿನ ಬಾಯಿ ಬಿಡಿಸಿದೆ, ಉಣ್ಣೆ ತಡವಿದೆ. ಕೊಂಡುಕುರಿಯ ಕೊಂಬು ಮೊಳೆಯ ಹಾಗೆ ನೆಟ್ಟಗಿರುತ್ತದೆ, ಇದರದ್ದು ಸುರುಳಿ. ಅಪರೂಪಕ್ಕೆ ಕುರಿಗೂ ನಾಲ್ಕು ಕೊಂಬು ಬರುವುದುಂಟು.

ಮಾವ ಕಿವಿಯ ಹತ್ತಿರ ಬಂದರು. "ತಾಯಿ ಕುರಿ ಅಂತ ಬರಿ ಅಳಿಯಾ. ಅಪ್ಪನ ವಿಚಾರ ಬಿಟ್ಬಿಡು."

ಕಣದ ಯಜಮಾನರು ಬಿಡಲಿಲ್ಲ. "ಅಪ್ಪ ಯಾರು ಅಂತ್ಲೇ ಬೇಕ್ರಿ. ಇಲ್ಲಾಂದ್ರೆ ವಾಪಸ್ ಹೊಡ್ಕೊಂಡು ಹೋಗ್ರಿ."

ಮಾವನ ಮುಖ ನೋಡದೆ ಬರೆದೆ: ತಾಯಿ ಕುರಿ, ತಂದೆ ಟಗರು. ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಹಾಕಿ ಕೆಳಗೆ ಎರಡು ಗೆರೆ ಎಳೆದೆ. ಎಲ್ಲರಿಗೂ ಕೇಳುವಂತೆ ಓದಿ ಎಂದರು ಯಜಮಾನರು. ಓದಿ, ಅವರ ಕೈಗೆ ಕೊಟ್ಟೆ. ಜನ ಶಿಳ್ಳೆ ಹಾಕಿದರು.

ಟಗರನ್ನು ಕಣಕ್ಕೆ ಬಿಡಲು ಹಗ್ಗ ಬಿಚ್ಚುತ್ತಾ ಮಾವ ತಗ್ಗಿದ ದನಿಯಲ್ಲಿ ಹೇಳಿದರು: "ಬರೆದಿದ್ದೇನೋ ಸರಿ ಐತೆ ಅಳಿಯಾ. ಇದಕ್ಕೆ ಕೇಳಿಸೋ ಹಂಗೆ ಓದಬಾರದಿತ್ತು."